ಕಾಫಿ ಕಣದಲ್ಲಿ ಏಳು ಪಟ್ಟು ನಿಧಾನ

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಕಣದಲ್ಲಿ ಮೊರದಿಂದ ತೂರಿದ, ಸಿಪ್ಪೆಸಮೇತ ಒಣಗಿಸಿದ ಚೆರ್ರಿ ಕಾಫಿಯನ್ನು ನೀವೀಗ ನಿಧಾನಗತಿಯ ವಿಡಿಯೊದಲ್ಲಿ ನೋಡುತ್ತಿದ್ದೀರಿ. ಕಾಯಿಗಳು ನೆಲಕ್ಕೆ ಬಡಿದು ಪುಟಿಯುವ ಸದ್ದು ಕೇಳಿಸುತ್ತಿಲ್ಲವೆಂದು ಮೊಬೈಲಿನ ವಾಲ್ಯೂಮ್ ಹೆಚ್ಚಿಸಬೇಡಿ. ಹೈಸ್ಪೀಡ್ ಮೋಡ್‌ನಲ್ಲಿ ಈ ಕ್ಯಾಮೆರಾ ಧ್ವನಿಯನ್ನು ದಾಖಲಿಸುವುದೇ ಇಲ್ಲವಾದ್ದರಿಂದ ನೀವು ನನ್ನ ಮಾತನ್ನೇ ಸಹಿಸಿಕೊಳ್ಳಬೇಕು.

ಇದು 2009ರಲ್ಲಿ ಬಂದ ಕ್ಯಾಸಿಯೊ ಎಕ್ಸಿಲಿಮ್ ಇಎಕ್ಸ್-ಎಫ್‌ಸಿ100. ಕಾಂಪ್ಯಾಕ್ಟ್ ಕ್ಯಾಮೆರಾಗಳ ವ್ಯವಹಾರವನ್ನು ಕಂಪನಿಯೇ 2018ರಲ್ಲಿ ಕೈಬಿಟ್ಟಿರುವುದರಿಂದ, ಕಡಿಮೆ ಬೆಲೆಗೆ ಬೇಕೆನ್ನುವವರು ಸೆಕೆಂಡ್ ಹ್ಯಾಂಡ್‌ನಲ್ಲಿಯೇ ಹುಡುಕಬೇಕು. ಸೆಕೆಂಡಿಗೆ 210 ಫ್ರೇಮ್, ಅಂದರೆ ಬಿಡಿ ಚಿತ್ರ, ತೆಗೆದು 30ರಂತೆ ತೋರಿಸುವುದರಿಂದ, ಒಂದು ಸೆಕೆಂಡಿನಲ್ಲಿ ನಡೆದದ್ದು ಏಳು ಸೆಕೆಂಡಿಗೆ ಹಿಗ್ಗುತ್ತದೆ. ಚಿತ್ರದ ಅಳತೆ 480x360 ಪಿಕ್ಸೆಲ್ ಮಾತ್ರ. ಟಿವಿಯಲ್ಲಿ ನೋಡುವವರು ಬೈಯಬಹುದು, ಮೊಬೈಲಿನಲ್ಲಿ ನೋಡುವವರಿಗೆ ಸಾಕು.

ಒಂದೊಂದು ಫ್ರೇಮಿಗೂ ಬೆಳಕು ಸಿಗುವ ಅವಧಿ ಸೆಕೆಂಡಿನ 210ರಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ಆದ್ದರಿಂದ ಜನವರಿಯ ಮಂಜು ಕರಗುವ ಮುನ್ನ, ಸಿಲ್ವರ್ ಓಕ್ ನೆರಳಿನಲ್ಲಿ ತೆಗೆದ ದೃಶ್ಯವೆಲ್ಲ ಹೀಗೆ, ಮರಳು ಚೆಲ್ಲಿದಂತೆ ಕಾಣುತ್ತದೆ. ಬಿಸಿಲು ಬಿದ್ದ ಕಣವೇ ಇದಕ್ಕೆ ಸರಿಯಾದ ಸ್ಥಳ.

ಈಗ ಅಡುಗೆಮನೆ. ಫಿಲ್ಟರಿನಿಂದ ಇಳಿಯುವ ಡಿಕಾಕ್ಷನ್ ಹನಿಯನ್ನು ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದಾಗ ಚಿತ್ರ ಹೇಗೆ ಪಟಪಟನೆ ಮಿನುಗುತ್ತಿದೆ ನೋಡಿ. "ನಿನ್ನ ಕ್ಯಾಮೆರಾ ಕೆಟ್ಟಿದೆ, ವಾಪಸ್ ಕೊಟ್ಟುಬಿಡು" ಎಂದು ಅತ್ತಿಗೆ ತೀರ್ಪು ಕೊಟ್ಟರು. ಮಾರಿದವನಿಗೆ ಫೋನ್ ಮಾಡಿದರೆ, ಕರೆಂಟ್ ಸರಿಯಿಲ್ಲವೆಂದು ಹೇಳಿ ಫೋನ್ ಇಟ್ಟುಬಿಟ್ಟ. ಆತ ನುಣುಚಿಕೊಳ್ಳಲು ಹೇಳಿದ ಮಾತಿನಲ್ಲಿ ಅರ್ಧ ಸತ್ಯವಿತ್ತೆಂಬುದೇ ನನಗೆ ಇಂದಿಗೂ ಸಿಟ್ಟು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಬೆಳಗಿ ಮಂಕಾಗುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಆದರೆ 210 ಫ್ರೇಮಿನ ಕ್ಯಾಮೆರಾ ಒಂದು ಫ್ರೇಮಿನಲ್ಲಿ ಬೆಳಕನ್ನೂ ಮುಂದಿನದರಲ್ಲಿ ಮಬ್ಬನ್ನೂ ಹಿಡಿಯುತ್ತದೆ, ಏಳು ಪಟ್ಟು ನಿಧಾನವಾದ ಮೇಲೆ ಆ ಮಿನುಗು ಸೆಕೆಂಡಿಗೆ ಸುಮಾರು ಹದಿನಾಲ್ಕು ಸಲ ಕಣ್ಣಿಗೆ ಚುಚ್ಚುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಹಲವು ಇದೇ ಕಾಟ ಕೊಡುತ್ತವೆ. ಕೊನೆಗೆ ಟ್ಯೂಬ್‌ಲೈಟ್ ಆರಿಸಿ, ಕಾಡುದಾರಿಯಲ್ಲಿ ಆನೆಯ ಭಯಕ್ಕೆ ಒಯ್ಯುವ ಬ್ಯಾಟರಿ ಟಾರ್ಚನ್ನು ಫಿಲ್ಟರಿನ ಪಕ್ಕದಲ್ಲಿಟ್ಟೆ, ಮಿನುಗು ನಿಂತಿತು. ಡಿಕಾಕ್ಷನ್ ಅಷ್ಟರಲ್ಲಿ ತಣ್ಣಗಾಗಿತ್ತೆಂದು ಅತ್ತಿಗೆಯ ಎರಡನೆಯ ದೂರು.

ಇದೇ ಕ್ಯಾಮೆರಾದಲ್ಲಿರುವ, ಸೆಕೆಂಡಿಗೆ ಸಾವಿರ ಫ್ರೇಮಿನ ಮೋಡ್ ಬರೀ ಜಾಹೀರಾತಿಗಾಗಿ ಇಟ್ಟದ್ದು: ಚಿತ್ರ 224x64ಕ್ಕೆ ಕುಗ್ಗಿ, ಅಗಲವಾದೊಂದು ಪಟ್ಟಿ ಮಾತ್ರ ಉಳಿಯುತ್ತದೆ. ಹಾಗೆಂದು ತಳ್ಳಿಹಾಕಿದ್ದ ನಾನು, ಪಟ್ಟಿ ಉದ್ದಕ್ಕೆ ನಿಲ್ಲುವಂತೆ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿ ಇದೇ ಹನಿಯನ್ನು ಬಿಸಿಲಿನಲ್ಲಿ ತೆಗೆದ ಮೇಲೆ ಮಾತು ಬದಲಿಸುತ್ತಿದ್ದೇನೆ. ಮೇಲಿನಿಂದ ಕೆಳಕ್ಕೆ ಬೀಳುವ ವಸ್ತುವಿಗೆ ಈ ಪಟ್ಟಿಯೇ ಹೇಳಿಮಾಡಿಸಿದಂತಿದೆ.

ಸೆಪ್ಟೆಂಬರಿನಲ್ಲಿ ಬರುವ, ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಮಾತ್ರ 210ನ್ನೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಚಿಪ್ಪು ಯಾವ ದಿಕ್ಕಿಗೆ ಹಾರುವುದೆಂದು ಯಾರೂ ಹೇಳಲಾರರು. ಬ್ಯಾಟರಿಯ ಗುರುತು ಕೆಂಪಾಗಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.