ಅಂಗೈಯಗಲದ ರಬ್ಬರ್

ಕೇಳುಗರೇ, ನಮಸ್ಕಾರ.

ದಸರೆ ಬಂತು, ದೀಪಾವಳಿ ಪಾಡ್ಯ ಬಂತು ಅಂದರೆ ಹುಬ್ಬಳ್ಳಿ-ಧಾರವಾಡದ ಬೈಕ್ ಶೋರೂಮ್‌ಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಹೊಸ ಗಾಡಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತ ಅವ್ವ. ಚಕ್ರದ ಕೆಳಗೆ ನಿಂಬೆಹಣ್ಣು. ಗಾಡಿ ಅದರ ಮೇಲೆ ಹತ್ತಿ ಇಳಿದ ಮೇಲೆ ನೆಲ ನೋಡಿ. ರಸ ಮೆತ್ತಿದ ಟಾಯರ್ ಒಂದು ಒದ್ದೆ ಗುರುತು ಬಿಟ್ಟಿರುತ್ತದೆ. ಹೆಚ್ಚೆಂದರೆ ಅಂಗೈಯಗಲ.

ನೂರೈವತ್ತು ಕಿಲೋ ತೂಗುವ ಗಾಡಿ, ಮೇಲೆ ನೀವು, ಹಿಂದೆ ಮನೆಯವರು, ಮಧ್ಯೆ ಒಂದು ಮಗು. ಇಷ್ಟೂ ಭಾರ ನೆಲಕ್ಕೆ ತಾಗುವುದು ಮುಂದೆ ಒಂದು ಅಂಗೈ, ಹಿಂದೆ ಒಂದು ಅಂಗೈ ಜಾಗದಲ್ಲಿ. ಹೊಸದಾಗಿ ಗಾಡಿ ಕೊಂಡವರಿಗೆ ನಾನು ಹೇಳಬೇಕಾದದ್ದೆಲ್ಲ ಆ ಎರಡು ಅಂಗೈ ಜಾಗದ ಸುತ್ತಲೇ ಇದೆ.

ಗಾಡಿ ಬಂದ ವಾರದೊಳಗೆ ಹುಡುಗರಿಗೆ ಒಂದೇ ಯೋಚನೆ ಅಲ್ವಾ, ಏನೇನು ಹಾಕಿಸೋಣ? ಸೈಲೆನ್ಸರ್ ಬದಲಿಸುವುದು, ಕಣ್ಣು ಕುಕ್ಕುವ ಎಲ್‌ಇಡಿ ಹಾಕಿಸುವುದು, ಮಿರರ್ ಬಿಚ್ಚಿಡುವುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಬಿಡುವುದಿಲ್ಲ. ಪೊಲೀಸರ ಮಾತು ಹಾಗಿರಲಿ. ಆ ಎಲ್‌ಇಡಿ ಬೆಳಕಿಗೆ ಎದುರಿನವನ ಕಣ್ಣು ಕತ್ತಲಾದರೆ ಅವನು ಬರುವುದು ನಿಮ್ಮ ಮೇಲೆಯೇ.

ನನ್ನ ಕಾಲದಲ್ಲಿ ಹುಚ್ಚು ಇದ್ದದ್ದು ಅಗಲ ಟಾಯರಿನದು. ಆಗ ನನಗೆ ಇಪ್ಪತ್ತೆರಡು ವಯಸ್ಸು. ಅಂಗಡಿಯವರು ಹೇಳಿದರು, ಹಿಂದಿನ ಚಕ್ರಕ್ಕೆ ಎರಡು ಸೈಜ್ ದೊಡ್ಡದು ಹಾಕಿ, ಗ್ರಿಪ್ ಜಾಸ್ತಿ ಸಿಗುತ್ತದೆ ಅಂತ. ಹಾಕಿಸಿದೆ. ನೋಡಲು ಚೆಂದವೇ ಇತ್ತು. ಅದೇ ಭಾನುವಾರ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಯಲ್ಲಾಪುರದ ಕಡೆ ಹೊರಟೆ. ಕಲಘಟಗಿ ದಾಟಿ ಕಾಡು ಶುರುವಾದ ಮೇಲೆ ಒಂದು ಎಡ ತಿರುವು. ಗಾಡಿಯನ್ನು ಎಡಕ್ಕೆ ವಾಲಿಸಿದೆ. ಅದು ವಾಲಲೇ ಇಲ್ಲ, ಯಾರೋ ಹಿಡಿದು ನಿಲ್ಲಿಸಿದ ಹಾಗೆ. ಹೆದರಿ ಬ್ರೇಕ್ ತುಳಿದೆ. ರಸ್ತೆಯ ನಡುಗೆರೆ ದಾಟಿ, ಬಲಗಡೆಯ ಗರಸಿಗೆ ಹೋಗಿ ಬಿದ್ದೆವು. ಎದುರಿನಿಂದ ಲಾರಿ ಬರಲಿಲ್ಲ, ಅದಕ್ಕೇ ಇವತ್ತು ಮೈಕ್ ಮುಂದೆ ಕೂತಿದ್ದೇನೆ. ಗೆಳೆಯನ ಮೊಣಕಾಲಿನಲ್ಲಿ ಗರಸು ಹೊಕ್ಕಿತ್ತು. ಚಿಮುಟದಿಂದ ಒಂದೊಂದೇ ಹರಳು ತೆಗೆದರು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅದು ಇನ್ನೂ ನನ್ನನ್ನು ಕಾಡುತ್ತದೆ.

ಆಮೇಲೆ ತಿಳಿಯಿತು. ರಿಮ್ ಕಿರಿದಾಗಿದ್ದು ಟಾಯರ್ ಅಗಲವಾದರೆ ಅದರ ಎರಡೂ ಅಂಚು ಒಳಕ್ಕೆ ಹಿಂಡಿಕೊಳ್ಳುತ್ತವೆ. ಟಾಯರಿನ ದುಂಡು ಕೆಡುತ್ತದೆ. ಕಣ್ಣಿಗೆ ದಪ್ಪ ಕಾಣುತ್ತದೆ, ವಾಲಲು ಮಾತ್ರ ತಕರಾರು. ಆದ್ದರಿಂದ ಟಾಯರ್ ಬದಲಿಸಬೇಕಾದರೆ ಕಂಪನಿ ಹೇಳಿದ ಸೈಜಿನಲ್ಲೇ ಒಳ್ಳೆಯ ಹಿಡಿತದ್ದು ಕೊಳ್ಳಿ. ಕೊಳ್ಳುವಾಗ ಟಾಯರಿನ ಪಕ್ಕೆಯ ಮೇಲೆ ಬೆರಳಾಡಿಸಿ, ನಾಲ್ಕು ಅಂಕಿ ಸಿಗುತ್ತವೆ. 2324 ಅಂತ ಇದ್ದರೆ ಅದು 2024ರ 23ನೇ ವಾರ ತಯಾರಾದದ್ದು. ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದ ರಬ್ಬರ್ ಗಟ್ಟಿಯಾಗಿರುತ್ತದೆ. ಅದನ್ನು ಹೊಸದು ಅಂತ ಒಪ್ಪಿಕೊಳ್ಳಬೇಡಿ. ಇನ್ನು ಹೊಸ ಟಾಯರ್ ಮೇಲೆ ನುಣುಪು ಇರುತ್ತದೆ. ಮೊದಲ ನೂರು, ನೂರೈವತ್ತು ಕಿಲೋಮೀಟರ್ ಮೆತ್ತಗೆ ಓಡಿಸಿ, ಅದು ಸವೆಯಲಿ.

ದುಡ್ಡು ಖರ್ಚಾಗದ ಅಪ್‌ಗ್ರೇಡ್ ಅಂದರೆ ಗಾಳಿ. ಚೈನ್ ಹತ್ತಿರವೋ ಸೀಟಿನ ಕೆಳಗೋ ಒಂದು ಸ್ಟಿಕರ್ ಇರುತ್ತದೆ. ಒಬ್ಬರೇ ಹೋದರೆ ಎಷ್ಟು, ಇಬ್ಬರು ಕೂತರೆ ಎಷ್ಟು ಅಂತ ಬರೆದಿರುತ್ತಾರೆ. ವಾರಕ್ಕೊಮ್ಮೆ, ಬೆಳಿಗ್ಗೆ, ಟಾಯರ್ ತಣ್ಣಗಿರುವಾಗ ನೋಡಿಸಿ. ಓಡಿ ಬಿಸಿಯಾದ ಟಾಯರ್‌ನಲ್ಲಿ ಒತ್ತಡ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಬೇಡಿ.

ಹೆಲ್ಮೆಟ್ ವಿಷಯಕ್ಕೆ ಬರೋಣ. ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವಂಥದ್ದು ಕೊಳ್ಳಿ. ಹಿಂದೆ ಕೂರುವವರಿಗೂ ಒಂದು. ಪಟ್ಟಿ ಬಿಗಿಯಿರಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ತರ್ಮಕೋಲ್ ಅಮುಕಿ ಹೋಗಿರುತ್ತದೆ. ಅದನ್ನು ಮತ್ತೆ ಹಾಕಿಕೊಳ್ಳಬೇಡಿ.

ಈಗ ತಿರುವು. ನಮ್ಮ ಕಡೆ ರಸ್ತೆಗಳು ಬಹಳ ನೇರ. ಗದಗಿನ ಎರೆ ಹೊಲಗಳ ನಡುವೆ ಹೋಗುವಾಗ ಹ್ಯಾಂಡಲ್ ಅಲುಗಿಸುವ ಕೆಲಸವೇ ಇರುವುದಿಲ್ಲ. ಅದಕ್ಕೇ ನಮಗೆ ತಿರುವಿನ ಅಭ್ಯಾಸ ಕಡಿಮೆ. ಅದೇ ಕೈಯಲ್ಲಿ ಅರಬೈಲ್ ಘಾಟಿಗೋ ದೇವಿಮನೆ ಘಾಟಿಗೋ ಇಳಿದರೆ ತೊಂದರೆ.

ಬ್ರೇಕ್ ಹಿಡಿಯುವುದು, ಗೇರ್ ಇಳಿಸುವುದು ಎಲ್ಲ ತಿರುವಿಗೆ ಮುಂಚೆ, ಗಾಡಿ ನೆಟ್ಟಗೆ ಇರುವಾಗಲೇ ಮುಗಿಯಬೇಕು. ಆ ಅಂಗೈಯಗಲದ ರಬ್ಬರಿಗೆ ಇರುವುದು ಒಂದಿಷ್ಟು ಹಿಡಿತ ಮಾತ್ರ. ಅರ್ಧ ಬ್ರೇಕಿಗೆ ಕೊಟ್ಟರೆ ವಾಲಲು ಉಳಿಯುವುದು ಕಡಿಮೆ. ವೇಗದ ಲೆಕ್ಕವೂ ನಾವು ಅಂದುಕೊಂಡ ಹಾಗಿಲ್ಲ. 40ರಲ್ಲಿ ದಾಟುವ ತಿರುವನ್ನು 50ರಲ್ಲಿ ದಾಟಿದರೆ ಟಾಯರಿಗೆ ಬೇಕಾಗುವ ಹಿಡಿತ ಒಂದೂವರೆ ಪಟ್ಟು. 80ರಲ್ಲಿ ಹೋದರೆ ನಾಲ್ಕು ಪಟ್ಟು.

ಮುಂದಿನ ಬ್ರೇಕ್ ಅಂದರೆ ನಮ್ಮವರಿಗೆ ಭಯ. ಹಿಡಿದರೆ ಪಲ್ಟಿ ಅಂತ ಚಿಕ್ಕಂದಿನಲ್ಲೇ ಸೈಕಲ್ ಕಲಿಸಿದವರು ಹೇಳಿರುತ್ತಾರೆ. ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಗಾಡಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನ ಚಕ್ರದಲ್ಲೇ ಇದೆ. ಗಬಕ್ಕನೆ ಹಿಡಿಯಬೇಡಿ. ಎರಡು ಬೆರಳಲ್ಲಿ ಹಸುವಿನ ಹಾಲು ಹಿಂಡುವ ಹಾಗೆ ಬರಬರುತ್ತ ಬಿಗಿ ಮಾಡಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ. ನೆಟ್ಟಗೆ ಹೋಗುವಾಗ ಅದು ಚಕ್ರ ಬಿಗಿಯದಂತೆ ಕಾಯುತ್ತದೆ. ವಾಲಿದ ಗಾಡಿ ಪಕ್ಕಕ್ಕೆ ಜಾರಿದರೆ ಸಾಮಾನ್ಯ ಎಬಿಎಸ್ ಏನೂ ಮಾಡಲಾರದು.

ತಿರುವಿನಲ್ಲಿ ಕಣ್ಣು ಎಲ್ಲಿದೆಯೋ ಗಾಡಿ ಅಲ್ಲಿಗೇ ಹೋಗುತ್ತದೆ. ಗುಂಡಿ ನೋಡಿದಿರೋ, ಗುಂಡಿಗೇ ಹೋಗುತ್ತೀರಿ. ಅಂದು ನಾನು ನೋಡುತ್ತಿದ್ದದ್ದು ಆ ಗರಸನ್ನೇ. ಗದ್ದ ತಿರುಗಿಸಿ, ತಿರುವಿನ ಆ ತುದಿ ನೋಡಿ. ಎಡಕ್ಕೆ ಹೋಗಬೇಕಾದರೆ ಎಡ ಹಿಡಿಕೆಯನ್ನು ಮುಂದಕ್ಕೆ ಮೆತ್ತಗೆ ತಳ್ಳಿ, ಗಾಡಿ ತಾನಾಗಿ ಎಡಕ್ಕೆ ವಾಲುತ್ತದೆ. ಕೇಳಲು ತಿರುಗುಮುರುಗು ಅನ್ನಿಸುತ್ತದೆ, ಮಾಡಿ ನೋಡಿ. ಬಲ ತಿರುವಿನಲ್ಲಿ ಇನ್ನೊಂದು ಎಚ್ಚರ. ಚಕ್ರ ನಡುಗೆರೆಯ ಈಚೆ ಇದ್ದರೂ ವಾಲಿದ ನಿಮ್ಮ ತಲೆ ಗೆರೆಯ ಆಚೆ ಇರುತ್ತದೆ. ಅಲ್ಲಿ ಬಸ್ಸಿನ ಕನ್ನಡಿ ಬರುತ್ತಿರುತ್ತದೆ. ಎಡಕ್ಕೇ ಇರಿ.

ನಮ್ಮ ನೆಲದ್ದೇ ಆದ ಅಪಾಯಗಳೂ ಇವೆ. ಮೊದಲ ಮಳೆಗೆ ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಬಂದಾಗ ಗಾಲಿಗೆ ಅಂಟಿದ ಎರೆಮಣ್ಣು ಡಾಂಬರಿನ ಮೇಲೆ ಉದ್ದಕ್ಕೂ ಉಳಿಯುತ್ತದೆ. ಎಣ್ಣೆಗಿಂತ ಜಾರು. ಸುಗ್ಗಿಯಲ್ಲಿ ರಸ್ತೆಯ ಮೇಲೇ ಕಾಳಿನ ತೆನೆ ಹರವಿರುತ್ತಾರೆ, ಕೆಳಗೆ ಕಾಳು ಉರುಳುತ್ತಿರುತ್ತದೆ. ರಾತ್ರಿ ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಲಿ ನಿಂತಿರುತ್ತದೆ. ಮಣ್ಣು, ಕಾಳಿನ ಮೇಲೆ ಹೋಗುವಾಗ ವಾಲಬೇಡಿ, ಬ್ರೇಕ್ ಒತ್ತಬೇಡಿ. ನೆಟ್ಟಗೆ, ಎಕ್ಸಲೇಟರ್ ಒಂದೇ ಸಮ ಇಟ್ಟು ದಾಟಿ. ಟ್ರ್ಯಾಲಿಗೆ ಮಾತ್ರ ಮೊದಲೇ ವೇಗ ಇಳಿಸಿರಬೇಕು. ನಿಮ್ಮ ಲೈಟ್ ಎಷ್ಟು ದೂರ ಬೀಳುತ್ತದೋ ಅಷ್ಟರೊಳಗೆ ನಿಲ್ಲುವಂತಿರಿ.

ನನ್ನ ಅಕ್ಕನ ಮಗ ಈ ಪಾಡ್ಯಕ್ಕೆ ಗಾಡಿ ಕೊಂಡಿದ್ದಾನೆ. ಸೈಲೆನ್ಸರ್ ಬದಲಿಸಲು ಕೂಡಿಟ್ಟ ದುಡ್ಡಿನಲ್ಲಿ ಎರಡು ಹೆಲ್ಮೆಟ್, ಒಂದು ಜೊತೆ ಕೈಗವಸು ತಂದೆವು. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಊರ ಹೊರಗಿನ ಖಾಲಿ ಮೈದಾನಕ್ಕೆ ಹೋಗುತ್ತೇವೆ. ನಾಲ್ಕು ಇಟ್ಟಿಗೆ ಇಟ್ಟು, ಸುತ್ತ ಇಪ್ಪತ್ತರಲ್ಲಿ ಸುತ್ತುವುದು, ಆಮೇಲೆ ಮೂವತ್ತರಲ್ಲಿ ಬಂದು ಮುಂದಿನ ಬ್ರೇಕ್ ಹಿಡಿದು ನಿಲ್ಲಿಸುವುದು. ಎಷ್ಟು ಸಲ ಅಂತ ಅವನು ಕೇಳಿದ. ಕೈ ಯೋಚಿಸುವುದನ್ನು ಬಿಡುವ ತನಕ ಅಂದೆ.

ನಮಸ್ಕಾರ.