ಏಟು ಬೀಳುವ ಮೊದಲು

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಹೊರಗೆ ಚಪ್ಪಲಿ ಬಿಡುವಾಗ ದೊಡ್ಡಪ್ಪ ಒಬ್ಬರು ನನ್ನನ್ನು ನಿಲ್ಲಿಸಿದರು. "ಟ್ಯಾಂಕ್ ಅಂತ ಬೋರ್ಡ್ ಮೇಲೆ ಬರೆದಿದ್ದಾರಲ್ಲಮ್ಮ, ಯಾವ ಟ್ಯಾಂಕು? ಯುದ್ಧದ್ದೋ, ಟೆರೇಸ್ ಮೇಲಿನದ್ದೋ?" ಅಂತ ಕೇಳಿದರು. ಎರಡೂ ಹೌದು ದೊಡ್ಡಪ್ಪ, ಅಂದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಹಿಂದಿನ ಸಾಲಿನ ಹುಡುಗರಿಗೆ ಟ್ಯಾಂಕ್, ಹೀಲರ್, ಡಿಪಿಎಸ್ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರಿಗೆ ಮಾತ್ರ ಎರಡು ಮಾತು. ಇದು ಇಂಟರ್ನೆಟ್ ಮೇಲೆ ಜೊತೆಗೂಡಿ ಆಡುವ ಕಂಪ್ಯೂಟರ್ ಆಟದ ಸಂಗತಿ. ನಾಲ್ಕು ಜನ ಸೇರಿ ಒಬ್ಬ ದೊಡ್ಡ ರಾಕ್ಷಸನ ಮೇಲೆ ಹೋಗುತ್ತಾರೆ. ಇಬ್ಬರು ಹೊಡೆಯುತ್ತಾರೆ, ಅವರು ಡಿಪಿಎಸ್. ಒಬ್ಬರು ಗಾಯ ವಾಸಿ ಮಾಡುತ್ತಾರೆ, ಅವರು ಹೀಲರ್. ಒಬ್ಬರು ರಾಕ್ಷಸನ ಮೂಗಿನ ಎದುರೇ ನಿಂತು ಅವನ ಸಿಟ್ಟನ್ನೆಲ್ಲ ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಆ ನಾಲ್ಕನೆಯವರೇ ಟ್ಯಾಂಕ್.

ಇವತ್ತು ಈ ವಿಷಯ ಹಿಡಿದದ್ದಕ್ಕೆ ಕಾರಣ ನನ್ನ ಅಕ್ಕನ ಮಗಳು. ಠಾಣೆಯಲ್ಲಿ ಇರುತ್ತಾಳೆ, 17 ವರ್ಷ, ಇಲ್ಲೇ ಕೂತಿದ್ದಾಳೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಅನ್ನೋ ಆಟದಲ್ಲಿ ಸಾರ್ಸರರ್ ಟ್ಯಾಂಕ್, ಅಂದರೆ ಮಂತ್ರವಾದಿ ಟ್ಯಾಂಕ್, ಕಟ್ಟಿದ್ದಳು. ಕತ್ತಿ ಇಲ್ಲ, ಗುರಾಣಿ ಇಲ್ಲ. ಕೈಯಲ್ಲಿ ಒಂದು ಐಸ್ ಸ್ಟಾಫ್, ಮಂಜಿನ ದಂಡ. ಪರಿಚಯ ಇಲ್ಲದ ಮೂವರ ಜೊತೆ ಸೇರಿದಳು. ಅವರು ಅವಳ ಕೈಯಲ್ಲಿದ್ದ ದಂಡ ನೋಡಿದರು, ಆಟ ಶುರುವಾಗುವ ಮೊದಲೇ ವೋಟ್ ಹಾಕಿ ಗುಂಪಿನಿಂದ ತೆಗೆದರು. "ಮಂತ್ರವಾದಿ ಟ್ಯಾಂಕ್ ಆಗಲ್ಲ" ಅಂತ ಒಂದು ಸಾಲು ಬರೆದು ಹೋದರು. ಅವಳು ಫೋನ್ ಮಾಡಿ, "ಚಿಕ್ಕಮ್ಮ, ನಿಜವಾಗಿಯೂ ಆಗಲ್ವಾ?" ಅಂತ ಕೇಳಿದಳು. ಆ ಪ್ರಶ್ನೆಗೆ ಫೋನಿನಲ್ಲಿ ಕೊಟ್ಟ ಉತ್ತರ ನನಗೇ ಸಾಕಾಗಲಿಲ್ಲ. ಅದಕ್ಕೇ ಈ ಉಪನ್ಯಾಸ.

ನನ್ನ ಉತ್ತರ ಹೌದು, ಆಗುತ್ತೆ. ಆದರೆ ಆ ಟ್ಯಾಂಕ್ ಬೇರೆ ಜಾತಿಯದ್ದು. ಕಬ್ಬಿಣದ ಕವಚ ಏಟು ಬಿದ್ದ ಮೇಲೆ ಕೆಲಸ ಮಾಡುತ್ತದೆ. ಮಂತ್ರ ಏಟು ಬೀಳುವ ಮೊದಲೇ ಕೆಲಸ ಮಾಡಿ ಮುಗಿಸಿರಬೇಕು. ಇವತ್ತು ಈ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

ಯಕ್ಷಗಾನ ನೋಡಿ ಬೆಳೆದವರು ಇಲ್ಲಿ ಜಾಸ್ತಿ ಇದ್ದೀರಿ. ಅದರಿಂದಲೇ ಶುರು ಮಾಡೋಣ. ಕರ್ಣನನ್ನು ನೆನೆಸಿಕೊಳ್ಳಿ. ಹುಟ್ಟುವಾಗಲೇ ಮೈಗೆ ಅಂಟಿದ ಕವಚ. ಮಲಗಿದ್ದರೂ ಇರುತ್ತದೆ, ಸ್ನಾನ ಮಾಡುವಾಗಲೂ ಇರುತ್ತದೆ. ಅವನು ಅದರ ಬಗ್ಗೆ ಯೋಚನೆಯನ್ನೇ ಮಾಡಬೇಕಾಗಿಲ್ಲ. ಇದು ಹೆವಿ ಆರ್ಮರ್ ಟ್ಯಾಂಕ್. ಈಗ ಘಟೋತ್ಕಚ. ಅವನಿಗೆ ಅಂಥ ಕವಚ ಇಲ್ಲ. ಅವನದ್ದು ಮಾಯೆ. ಹೂಡಿದರೆ ಉಂಟು, ಹೂಡದಿದ್ದರೆ ಇಲ್ಲ.

ಹದಿನಾಲ್ಕನೇ ದಿನ ಹೊತ್ತು ಮುಳುಗಿದ ಮೇಲೂ ಯುದ್ಧ ನಿಲ್ಲಲಿಲ್ಲ. ರಾತ್ರಿ ಅಂದರೆ ರಾಕ್ಷಸರಿಗೆ ಬಲ ಹೆಚ್ಚುವ ಹೊತ್ತು. ಕರ್ಣನ ಹತ್ತಿರ ಇಂದ್ರ ಕೊಟ್ಟ ಶಕ್ತ್ಯಾಯುಧ ಇದೆ, ಆ ಕವಚ ಕುಂಡಲ ಕೊಟ್ಟು ಪಡೆದದ್ದು. ಒಂದೇ ಸಲ ಎಸೆಯಬಹುದು. ಅರ್ಜುನನಿಗೆ ಅಂತಲೇ ಎತ್ತಿಟ್ಟಿದ್ದಾನೆ. ಕೃಷ್ಣ ಏನು ಮಾಡಿದ? ಅರ್ಜುನನನ್ನು ಆ ಕಡೆ ಬಿಡಲಿಲ್ಲ, ಘಟೋತ್ಕಚನನ್ನು ಕಳಿಸಿದ. ಅವನು ಒಮ್ಮೆ ಬೆಟ್ಟದಷ್ಟು ಆಗುತ್ತಾನೆ, ಒಮ್ಮೆ ಮಾಯವಾಗುತ್ತಾನೆ, ಆಕಾಶದಿಂದ ಕಲ್ಲು ಸುರಿಸುತ್ತಾನೆ. ಕೌರವ ಸೇನೆಗೆ ಅವನನ್ನು ಬಿಟ್ಟು ಬೇರೆ ಏನೂ ಕಾಣದಂತಾಯಿತು. "ಮೊದಲು ಇವನನ್ನು ಮುಗಿಸು" ಅಂತ ಎಲ್ಲರೂ ಕರ್ಣನನ್ನು ಬೇಡಿಕೊಂಡರು. ಕರ್ಣ ಕೊನೆಗೆ ಆ ಶಕ್ತಿಯನ್ನು ಅವನ ಮೇಲೇ ಎಸೆದ.

ಆಟದ ಭಾಷೆಯಲ್ಲಿ ಇದಕ್ಕೆ ಟಾಂಟ್ ಅನ್ನುತ್ತಾರೆ. ಎದುರಾಳಿಯ ಅತಿ ದೊಡ್ಡ ಏಟು ಯಾರ ಮೇಲೆ ಬೀಳಬೇಕು ಅನ್ನೋದನ್ನು ಟ್ಯಾಂಕ್ ತೀರ್ಮಾನ ಮಾಡುತ್ತಾನೆ. ಘಟೋತ್ಕಚ ಸತ್ತ, ನಿಜ. ಸಾಯುವಾಗಲೂ ಮೈ ದೊಡ್ಡದು ಮಾಡಿಕೊಂಡು ಕೌರವರ ಸೇನೆಯ ಮೇಲೇ ಬಿದ್ದ. ಪಾಪ, ಅವತ್ತು ಅವನ ಹಿಂದೆ ಹೀಲರ್ ಇರಲಿಲ್ಲ. ನಮ್ಮ ಟ್ಯಾಂಕಿಗೆ ಹೀಲರ್ ಇರುತ್ತಾರೆ. ಹಾಗಾಗಿ ನಾವು ಬದುಕಿ ಉಳಿಯುವ ಲೆಕ್ಕ ಹಾಕೋಣ.

ಬಿಲ್ಡ್, ಅಂದರೆ ಪಾತ್ರವನ್ನು ಕಟ್ಟುವ ಬಗೆ, ಆ ವಿಷಯಕ್ಕೆ ಬರುತ್ತೇನೆ. ಎಲ್ಡರ್ ಸ್ಕ್ರೋಲ್ಸ್‌ನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ, 2014ರ ಆಟ. ಅಪ್‌ಡೇಟ್ ಬಂದಾಗೆಲ್ಲ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ, ಲೆಕ್ಕದ ದಾರಿ ಮಾತ್ರ ಅದೇ. 50ನೇ ಲೆವೆಲ್ ಹೊತ್ತಿಗೆ ಹಂಚಲು 64 ಪಾಯಿಂಟ್ ಇರುತ್ತವೆ. ಹೆಲ್ತ್‌ಗೆ, ಅಂದರೆ ಪ್ರಾಣಬಲಕ್ಕೆ, ಹಾಕಿದರೆ ಒಂದೊಂದಕ್ಕೂ 122 ಸಿಗುತ್ತದೆ, ಮ್ಯಾಜಿಕಾಗೆ, ಅಂದರೆ ಮಂತ್ರಬಲಕ್ಕೆ, ಹಾಕಿದರೆ 111. ಮಂತ್ರದ ಟ್ಯಾಂಕ್ ಕಟ್ಟುವವರು ಮೊದಲು ಮಾಡುವ ತಪ್ಪು ಇಲ್ಲೇ. ಮಂತ್ರ ಅಲ್ವಾ ಅಂತ 64ನ್ನೂ ಮ್ಯಾಜಿಕಾಗೆ ಸುರಿದುಬಿಡುತ್ತಾರೆ. ಏಟನ್ನು ಹೀರಿಕೊಳ್ಳುವ ಶೀಲ್ಡ್ ಮಂತ್ರದ ಬಲ ಮ್ಯಾಜಿಕಾದಿಂದ ಬರುತ್ತದೆ, ಸರಿ. ಆದರೆ ಅದರ ಮೇಲೊಂದು ಮಿತಿ ಇದೆ, ಆ ಮಿತಿಯನ್ನು ನಿಮ್ಮ ಹೆಲ್ತ್ ನೋಡಿ ಕಟ್ಟಿದ್ದಾರೆ. ಹೆಲ್ತ್ ಕಮ್ಮಿ ಇದ್ದರೆ ಎಷ್ಟು ಮ್ಯಾಜಿಕಾ ಇದ್ದರೂ ಶೀಲ್ಡ್ ಅಲ್ಲಿಗೇ ನಿಲ್ಲುತ್ತದೆ. ಪಾತ್ರೆ ಚಿಕ್ಕದಾದರೆ ನಲ್ಲಿ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ? ಅದಕ್ಕೆ ಹೆಲ್ತ್‌ಗೆ ಮೊದಲ ಪಾಲು.

ಐಸ್ ಸ್ಟಾಫ್ ಯಾಕೆ? ಇದು ಮುಖ್ಯ. ಈ ಆಟದಲ್ಲಿ ಬ್ಲಾಕ್ ಹಿಡಿದರೆ, ಅಂದರೆ ಕೈಯಲ್ಲಿರುವುದನ್ನು ಅಡ್ಡ ಒಡ್ಡಿದರೆ, ಏಟು ಅರ್ಧಕ್ಕೆ ಇಳಿಯುತ್ತದೆ. ಗುರಾಣಿ ಹಿಡಿದವರು ಬ್ಲಾಕ್ ಮಾಡಿದಾಗೆಲ್ಲ ಸ್ಟ್ಯಾಮಿನಾ, ಅಂದರೆ ಮೈಯ ಕಸುವು, ಕರಗುತ್ತದೆ. ಪಕ್ಕಕ್ಕೆ ಉರುಳುವುದಕ್ಕೂ ಸ್ಟ್ಯಾಮಿನಾನೇ. ಯಾರಾದರೂ ಕಟ್ಟಿಹಾಕಿದರೆ ಬಿಡಿಸಿಕೊಳ್ಳುವುದಕ್ಕೂ ಅದೇ. ಮೂರು ಖರ್ಚು, ಒಂದೇ ಕಿಸೆ. ಐಸ್ ಸ್ಟಾಫ್ ಹಿಡಿದು, ಟ್ರೈ ಫೋಕಸ್ ಅನ್ನೋ ಪ್ಯಾಸಿವ್, ಅಂದರೆ ಬಟನ್ ಒತ್ತದೆ ತಾನಾಗಿಯೇ ಕೆಲಸ ಮಾಡುವ ಕೌಶಲ, ತೆಗೆದುಕೊಂಡರೆ ಬ್ಲಾಕಿನ ಖರ್ಚು ಮ್ಯಾಜಿಕಾ ಕಡೆಗೆ ಹೋಗುತ್ತದೆ. ಸ್ಟ್ಯಾಮಿನಾ ಉಳಿದು, ಉರುಳಲು, ಬಿಡಿಸಿಕೊಳ್ಳಲು ಸಿಗುತ್ತದೆ. ಟಾಂಟ್‌ಗೂ ಅದೇ ದಂಡ ಸಾಕು. ಫ್ರಾಸ್ಟ್ ಕ್ಲೆಂಚ್ ಅನ್ನೋ ಮಂತ್ರ ಹಾಕಿದರೆ 15 ಸೆಕೆಂಡ್ ರಾಕ್ಷಸ ನಿಮ್ಮನ್ನು ಬಿಟ್ಟು ಬೇರೆಯವರನ್ನು ನೋಡುವುದಿಲ್ಲ.

ಈಗ ದೊಡ್ಡಪ್ಪನ ಟೆರೇಸ್ ಟ್ಯಾಂಕ್. ನಾನು ಹುಟ್ಟಿದ್ದು ಲಾಲ್‌ಬಾಗ್‌ನ ಚಾಳಿನಲ್ಲಿ. ಬೆಳಗ್ಗೆ ಸ್ವಲ್ಪ ಹೊತ್ತು ನೀರು. ಅಷ್ಟರಲ್ಲಿ ಅಮ್ಮ ಡ್ರಮ್ ತುಂಬಬೇಕು, ಬಾಲ್ದಿ ತುಂಬಬೇಕು, ಕುಡಿಯುವ ನೀರು ಬೇರೆ ಎತ್ತಿಡಬೇಕು. ಮಧ್ಯಾಹ್ನ ನೆಂಟರು ಬಂದರೆ ಆಮೇಲೆ ನಲ್ಲಿ ತಿರುಗಿಸಿ ಏನು ಸಿಗುತ್ತೆ? ಗಾಳಿ! ಮ್ಯಾಜಿಕಾ ಹಾಗೆಯೇ. ಸ್ಟಾಫ್ ಎತ್ತಿ ಬ್ಲಾಕ್ ಹಿಡಿದಿರುವಷ್ಟು ಹೊತ್ತು ಟ್ಯಾಂಕಿಗೆ ನೀರು ಏರುವುದಿಲ್ಲ. ಬ್ಲಾಕ್ ಬಿಟ್ಟ ಗಳಿಗೆಯಲ್ಲೇ ತುಂಬಿಕೊಳ್ಳಬೇಕು. ಮಂಜಿನ ದಂಡದಿಂದ ಪೂರ್ತಿ ಎಳೆದು ಒಂದು ಹೆವಿ ಅಟ್ಯಾಕ್ ಬಿಟ್ಟರೆ ಒಂದು ಬಾಲ್ದಿ ನೀರು ಬಂದ ಹಾಗೆ, ಮ್ಯಾಜಿಕಾ ವಾಪಸ್ ಬರುತ್ತದೆ. ಹೆದರಿಕೊಂಡು ಬ್ಲಾಕ್ ಬಟನ್ ಒತ್ತಿಕೊಂಡೇ ಇರುವವರು ಎರಡು ನಿಮಿಷದಲ್ಲಿ ಖಾಲಿ.

ಹಾಗಂತ ಬಟ್ಟೆಯ ನಿಲುವಂಗಿ ತೊಟ್ಟುಕೊಂಡು ಹೋಗಬೇಡಿ. ಕವಚದ ತುಂಡುಗಳಲ್ಲಿ ಐದು ಹೆವಿ, ಒಂದು ಮೀಡಿಯಂ, ಒಂದು ಲೈಟ್. ಮೂರೂ ಬಗೆ ಮೈಮೇಲೆ ಇದ್ದರೆ ಅನ್‌ಡಾಂಟೆಡ್ ಮೆಟಲ್ ಅನ್ನೋ ಪ್ಯಾಸಿವ್‌ನಿಂದ ಹೆಲ್ತ್, ಮ್ಯಾಜಿಕಾ, ಸ್ಟ್ಯಾಮಿನಾ ಮೂರೂ ಏರುತ್ತವೆ. ಹೆವಿಯ ಕಾನ್‌ಸ್ಟಿಟ್ಯೂಷನ್ ಅನ್ನೋ ಪ್ಯಾಸಿವ್ ಇನ್ನೂ ಚೆನ್ನ. ಏಟು ತಿಂದರೆ ಸ್ವಲ್ಪ ಮ್ಯಾಜಿಕಾ, ಸ್ವಲ್ಪ ಸ್ಟ್ಯಾಮಿನಾ ಕೊಡುತ್ತದೆ, ನಾಲ್ಕು ಸೆಕೆಂಡಿಗೆ ಒಂದು ಸಲ. ರೆಸಿಸ್ಟೆನ್ಸ್, ಅಂದರೆ ಏಟು ತಡೆಯುವ ಅಂಕಿ, 33,000 ಹತ್ತಿರ ಮುಟ್ಟಿದರೆ ಶೇ. 50 ಏಟು ಕಮ್ಮಿ. ಅದರಾಚೆ ಹಾಕಿದ್ದು ವ್ಯರ್ಥ. ಅಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಮ್ಯಾಜಿಕಾ ಬೇಗ ತುಂಬುವುದಕ್ಕೆ ಖರ್ಚು ಮಾಡಿ.

ಈಗ ಆ ಜುಲೈ ರಾತ್ರಿಯ ಕತೆ. ಇದನ್ನು ಹೇಳದೆ ನಾನು ಇಳಿಯುವುದಿಲ್ಲ.

ನಾವು ನಾಲ್ವರು. ಡೊಂಬಿವಲಿಯಲ್ಲಿ ನಾನು, ಹೀಲರ್. ಠಾಣೆಯಲ್ಲಿ ನನ್ನ ಅಕ್ಕನ ಮಗಳು, ಟ್ಯಾಂಕ್. ಹೊಡೆಯುವವರು ಇಬ್ಬರು, ಒಬ್ಬ ಪುಣೆಯಲ್ಲಿ, ಒಬ್ಬ ಕುಂದಾಪುರದಲ್ಲಿ. ಫಂಗಲ್ ಗ್ರಾಟೊ ಗುಹೆ, ವೆಟರನ್ ಅನ್ನೋ ಕಷ್ಟದ ಮಟ್ಟ. ಕೊನೆಯಲ್ಲಿ ಕ್ರಾಗ್ ಅನ್ನೋ ಡ್ರೂಗ್ ರಾಜ. ಅರ್ಧ ಏಡಿಯಂಥ ಜೀವ. ಕುಂದಾಪುರದವನು ಅವನನ್ನು ನೋಡಿದಾಗೆಲ್ಲ "ಇದಕ್ಕೆ ಎಷ್ಟು ತೆಂಗಿನಕಾಯಿ ಅರೀಬೇಕು?" ಅಂತ ಕೇಳುತ್ತಿದ್ದ. ಹೊರಗೆ ಮಳೆ ಅಂದರೆ ಮಳೆ. ರಾಕ್ಷಸನ ಪ್ರಾಣ ಇನ್ನೂ ಮೂರರಲ್ಲಿ ಒಂದು ಪಾಲು ಉಳಿದಿದೆ, ನಮ್ಮ ಮನೆಯ ನೆಟ್ ಹೋಯಿತು. ಪರದೆಯ ಮೇಲೆ ಎಲ್ಲರೂ ಗೊಂಬೆಯ ಹಾಗೆ ನಿಂತುಬಿಟ್ಟರು. ಹೀಲರ್ ಹೋದ ಮೇಲೆ ಕೇಳಬೇಕಾ? ಒಂದೇ ನಿಮಿಷದಲ್ಲಿ ಪುಣೆಯವನು ಬಿದ್ದ, ಹಿಂದೆಯೇ ಕುಂದಾಪುರದವನು ಬಿದ್ದ. ನಾನು ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಮತ್ತೆ ಒಳಗೆ ಬರುವಷ್ಟರಲ್ಲಿ ಆರು ನಿಮಿಷ ಆಗಿತ್ತು. ಎಲ್ಲ ಮುಗಿದಿರುತ್ತದೆ ಅಂದುಕೊಂಡೇ ಬಂದೆ. ಇವಳು ನಿಂತಿದ್ದಳು. ಒಬ್ಬಳೇ. ಹೆಲ್ತ್ ಅರ್ಧ, ಮ್ಯಾಜಿಕಾ ಅರ್ಧ. ಏಡಿ ರಾಜ ಅವಳ ಮೇಲೆ ಬಡಿಯುತ್ತಲೇ ಇದ್ದಾನೆ. ನಾನು ಸೋಲ್ ಜೆಮ್ ಹಾಕಿ ಇಬ್ಬರನ್ನೂ ಎಬ್ಬಿಸಿದೆ, ಮುಗಿಸಿದೆವು.

ಮರುದಿನ ಭಾನುವಾರ. ಲೋಕಲ್ ಹಿಡಿದು ಠಾಣೆಗೆ ಹೋದೆ. ನೀನು ಅದನ್ನು ಹೇಗೆ ಮಾಡಿದೆ, ಇನ್ನೊಮ್ಮೆ ತೋರಿಸು ಅಂತ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಅವಳ ಕಣ್ಣು ಪರದೆಯ ಮೇಲೆ ಇದೆ, ಆದರೆ ಅವಳು ನೋಡುತ್ತಿಲ್ಲ, ಕೇಳುತ್ತಿದ್ದಾಳೆ. ಹೆಡ್‌ಫೋನ್‌ನ ಒಂದು ಕಿವಿ ನನಗೆ ಕೊಟ್ಟಳು. ಎಡಗಾಲಿನ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಿದೆ. ಅವಳ ಅಜ್ಜ, ಅಂದರೆ ನಮ್ಮಪ್ಪ, ಚೆಂಡೆ ಬಾರಿಸುತ್ತಿದ್ದವರು. ಅದು ಅಲ್ಲಿಂದ ಬಂದದ್ದು. ರಾಕ್ಷಸ ಎರಡು ಸಣ್ಣ ಏಟು ಹಾಕುತ್ತಾನೆ, ಗೊರ ಅಂತ ಉಸಿರು ಎಳೆಯುತ್ತಾನೆ. ಉಸಿರು ಕೇಳಿದ ಕೂಡಲೇ ಇವಳ ಬೆರಳು ಶೀಲ್ಡ್ ಒತ್ತಿ, ಬ್ಲಾಕ್ ಹಿಡಿದಾಯಿತು. ಆಮೇಲೆ ಅವನ ಕೈ ಮೇಲೆ ಹೋಗುತ್ತದೆ. ಏಟು ಬಿದ್ದ ಕೂಡಲೇ ಬ್ಲಾಕ್ ಬಿಟ್ಟು ಒಂದು ಹೆವಿ ಅಟ್ಯಾಕ್. ಒಂದು ಬಾಲ್ದಿ ನೀರು. ಮತ್ತೆ ಹೆಬ್ಬೆರಳು.

"ಕೈ ಎತ್ತಿದ ಮೇಲೆ ಒತ್ತಿದರೆ ಆಗಲ್ವಾ?" ಅಂತ ಕೇಳಿದೆ. "ಚಿಕ್ಕಮ್ಮ, ನಾವು ಯುರೋಪ್ ಸರ್ವರ್‌ನಲ್ಲಿ ಆಡ್ತಿದೀವಿ. ಪಿಂಗ್ 170, ಅಂದ್ರೆ ಸಂದೇಶ ಅಲ್ಲಿಗೆ ಹೋಗಿ ಬರೋಕೆ 170 ಮಿಲಿಸೆಕೆಂಡ್. ನನಗೆ ಕೈ ಎತ್ತಿದ್ದು ಕಾಣೋ ಹೊತ್ತಿಗೆ ಅಲ್ಲಿ ಅರ್ಧ ಇಳಿದಿರುತ್ತೆ" ಅಂದಳು.

ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಹೇಳಿದ್ದನ್ನು ಅವಳು ಮೂರು ಮಾತಲ್ಲಿ ಹೇಳಿದಳು. ಕವಚದ ಟ್ಯಾಂಕ್‌ಗೆ ಒಂದು ಗಳಿಗೆ ತಡ ಆದರೂ ಮೈಮೇಲಿನ ಕಬ್ಬಿಣ ಕಾಯುತ್ತದೆ. ಮಂತ್ರದ ಟ್ಯಾಂಕ್‌ಗೆ ಆ ಗಳಿಗೆ ಇಲ್ಲ. ಏಟು ಬೀಳುವ ಮೊದಲೇ ಎಲ್ಲ. ಮುಂಬಯಿಯಲ್ಲಿ ಕೂತು ಆಡುವ ನಮ್ಮ ಮಕ್ಕಳು ದೂರದ ಸರ್ವರ್‌ನ ದೆಸೆಯಿಂದಲೇ ಇದನ್ನು ಚೆನ್ನಾಗಿ ಕಲಿಯುತ್ತಾರೆ ಅಂತ ನನಗೆ ಅನಿಸುತ್ತದೆ.

ಹತ್ತು ನಿಮಿಷ ಅಂತ ಚೀಟಿ ಬಂತು. ಇನ್ನೂ ನಾಲ್ಕು ಪುಟ ಇದೆ, ಓಡಿಸುತ್ತೇನೆ.

ಮಂತ್ರವಾದಿ ಟ್ಯಾಂಕ್ ಆಗಲ್ಲ ಅನ್ನುವವರಿಗೆ ಹಳೆಯ ಆಟದ ಎರಡು ಸಾಕ್ಷಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, 2006. ಆನ್‌ಕಿರಾಜ್ ದೇವಾಲಯದಲ್ಲಿ ಇಬ್ಬರು ಅವಳಿ ಚಕ್ರವರ್ತಿಗಳು, ಎದುರಿಗೆ 40 ಜನ. ಅವಳಿಗಳಲ್ಲಿ ವೆಕ್‌ಲೋರ್‌ಗೆ ಕತ್ತಿಯ ಏಟು ತಾಗುವುದೇ ಇಲ್ಲ. ಕತ್ತಿ ತಾಗದ ಮೇಲೆ ಕತ್ತಿಯವನ ಮೇಲೆ ಸಿಟ್ಟು ಹೇಗೆ ಬರುತ್ತೆ? ಆದ್ದರಿಂದ ವಾರ್ಲಾಕ್ ಅನ್ನೋ ಮಂತ್ರವಾದಿಗಳೇ ಅವನ ಎದುರು ನಿಂತರು. ಮುಂದಿನ ವರ್ಷ ಗ್ರೂಲ್‌ನ ಗುಹೆಯಲ್ಲಿ ಕ್ರೋಶ್ ಅನ್ನೋ ಬೆಂಕಿ ಮಂತ್ರವಾದಿ. ಅವನು ತನಗೆ ಹಾಕಿಕೊಳ್ಳುವ ರಕ್ಷೆ ಮಂತ್ರದ ಏಟನ್ನು ಶೇ. 75 ಇಳಿಸುತ್ತಿತ್ತು. ಮೇಜ್ ಅನ್ನೋ ಮಂತ್ರವಾದಿಗಳು ಸ್ಪೆಲ್‌ಸ್ಟೀಲ್ ಅನ್ನೋ ಮಂತ್ರದಿಂದ ಅದನ್ನು ಕದ್ದು ತಮ್ಮ ಮೈಮೇಲೆ ಹಾಕಿಕೊಂಡು ಅವನನ್ನು ತಡೆಯುತ್ತಿದ್ದರು. ಶತ್ರುವಿನ ಕೊಡೆ ಕಸಿದು ಅವನದೇ ಮಳೆಯಲ್ಲಿ ನಿಂತ ಹಾಗೆ. ಅದೂ ಮೊದಲೇ ಕದ್ದಿರಬೇಕು, ಬೆಂಕಿ ಉಂಡೆ ಬಂದ ಮೇಲೆ ಕದ್ದು ಪ್ರಯೋಜನ ಇಲ್ಲ.

ಫೈನಲ್ ಫ್ಯಾಂಟಸಿ 14 ಆಟದ ಡಾರ್ಕ್ ನೈಟ್ ಅನ್ನೋ ಟ್ಯಾಂಕ್ ಬಗ್ಗೆ ಬಹಳ ಹೇಳುವುದಿತ್ತು. ಒಂದೇ ಮಾತು. ಬ್ಲಾಕೆಸ್ಟ್ ನೈಟ್ ಅನ್ನೋ ಶೀಲ್ಡ್‌ಗೆ 3,000 ಎಂಪಿ, ಅಂದರೆ ಅಲ್ಲಿನ ಮಂತ್ರಬಲ, ಬೇಕು, ಇರುವುದು ಏಳೇ ಸೆಕೆಂಡ್. ಅಷ್ಟರೊಳಗೆ ಅದು ಪೂರ್ತಿ ಒಡೆದರೆ ಮುಂದೆ ನೀವು ಹೊಡೆಯುವ ಒಂದು ದೊಡ್ಡ ಏಟು ನಿಮಗೆ ಪುಕ್ಕಟೆ. ಒಡೆಯದಿದ್ದರೆ ಕೊಟ್ಟ ಎಂಪಿ ಹೋಯಿತು. ತೀರ ಮುಂಚೆ ಹಾಕಿದರೂ ನಷ್ಟ, ತಡವಾದರೂ ನಷ್ಟ. ಇಷ್ಟು ಚೆನ್ನಾಗಿ ಕಟ್ಟಿದ ಮಂತ್ರ ನಾನು ಬೇರೆ ಆಟದಲ್ಲಿ ನೋಡಿಲ್ಲ.

ಗ್ಲಿಫ್, ಸೆಟ್, ಮದ್ದು, ಊಟ ಇವನ್ನು ಬಿಡುತ್ತೇನೆ. ಊಟದ್ದು ಮಾತ್ರ: ಹೆಲ್ತ್ ಮತ್ತು ಮ್ಯಾಜಿಕಾ ಎರಡೂ ಏರಿಸುವ ಅಡುಗೆ ತಿಂದೇ ಒಳಗೆ ಹೋಗಿ, ಮರೆಯಬೇಡಿ.

ಹಿಂದಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದೇವೆ. ಟೀ ಜೊತೆಗೆ ಬನ್ನಿ, ನನ್ನ ಅಕ್ಕನ ಮಗಳು ಆಡಿ ತೋರಿಸುತ್ತಾಳೆ. ದೊಡ್ಡಪ್ಪ, ಹೆಡ್‌ಫೋನ್‌ನ ಒಂದು ಕಿವಿ ನಿಮಗೆ.