ಆರನೆಯ ಬೀದಿಯ ಹಾಡುಗಳು: ಫಿಲಡೆಲ್ಫಿಯಾದಲ್ಲಿ ಒಂದು ನಡಿಗೆ

ಈಗ ನಿಮಗೆ ಕಾಣುತ್ತಿರುವುದು ಅಮೆರಿಕದ ಫಿಲಡೆಲ್ಫಿಯಾ ನಗರದ ವಾಷಿಂಗ್ಟನ್ ಚೌಕ. ಹದಿನೆಂಟನೆಯ ಶತಮಾನದಲ್ಲಿ ಇದು ಬಡವರನ್ನೂ ಪರದೇಶಿಗಳನ್ನೂ ಹೂಳುತ್ತಿದ್ದ ಸ್ಮಶಾನ. ಕಾಂಗೋ ಚೌಕವೆಂಬ ಹೆಸರೂ ಇದಕ್ಕಿತ್ತು. ಜಾತ್ರೆಯ ದಿನಗಳಲ್ಲಿ ಆಫ್ರಿಕದ ಜನ ಇಲ್ಲಿ ಸೇರಿ, ತಮ್ಮ ತಮ್ಮ ನಾಡಿನವರೊಡನೆ ಸಣ್ಣ ಗುಂಪುಗಳಾಗಿ, ತಮ್ಮ ನುಡಿಯಲ್ಲಿಯೇ ಹಾಡಿ ಕುಣಿಯುತ್ತಿದ್ದರೆಂದೂ, ತಮ್ಮವರ ಗೋರಿಗಳ ಬಳಿ ಊಟವನ್ನೂ ರಮ್ಮನ್ನೂ ಇಟ್ಟು ಬರುತ್ತಿದ್ದರೆಂದೂ ಈ ಊರಿನ ಚರಿತ್ರೆ ಬರೆದ ಜಾನ್ ಫ್ಯಾನಿಂಗ್ ವಾಟ್ಸನ್ ದಾಖಲಿಸಿದ್ದಾರೆ. ಆ ಹಾಡುಗಳ ಮಟ್ಟು ನಮಗೆ ಉಳಿದಿಲ್ಲ. ಆದ್ದರಿಂದಲೇ ನಮ್ಮ ಮಾರ್ಗದರ್ಶಿ ಇಲ್ಲಿ ಏನನ್ನೂ ಹಾಡದೆ, ಅಂಗೈಯಿಂದ ತೊಡೆಯ ಮೇಲೆ ಬರಿಯ ತಾಳ ಹಾಕುತ್ತ ನಿಂತರು. ಊಹಿಸಿದ ರಾಗಕ್ಕಿಂತ ಅದೇ ಆ ನೆಲಕ್ಕೆ ಸಲ್ಲಬೇಕಾದ ಗೌರವವೆಂದು ನನಗೆ ಅನಿಸಿತು.

ಆರನೆಯ ಬೀದಿಯಲ್ಲಿ ದಕ್ಷಿಣಕ್ಕೆ ನಡೆದರೆ ಪೈನ್ ಬೀದಿ ಅಡ್ಡ ಬರುತ್ತದೆ. ಕೀಲಿಗಳುಳ್ಳ ಬ್ಯೂಗಲ್ ಎಂಬ ತುತ್ತೂರಿ ನುಡಿಸುತ್ತಿದ್ದ ಫ್ರಾಂಕ್ ಜಾನ್ಸನ್ ವಾಸವಿದ್ದದ್ದು ಈ ಬೀದಿಯಲ್ಲಿ. ಸ್ವರಲಿಪಿಯನ್ನು ಅಚ್ಚು ಹಾಕಿಸಿದ ಮೊದಲ ಆಫ್ರಿಕನ್ ಅಮೆರಿಕನ್ ಸಂಗೀತಗಾರರಲ್ಲಿ ಒಬ್ಬರಾದ ಅವರು 1837ರಲ್ಲಿ ತಮ್ಮ ಬ್ಯಾಂಡನ್ನು ಇಂಗ್ಲೆಂಡಿಗೆ ಕರೆದೊಯ್ದರು. ಚೌಕದ ಹಾಡುಗಳ ಮಟ್ಟು ಕಳೆದುಹೋಯಿತು; ಇವರ ಸಂಗೀತ ಕಾಗದಕ್ಕೆ ಇಳಿಯಿತು.

ಇನ್ನೊಂದಿಷ್ಟು ನಡೆದರೆ, ಲೊಂಬಾರ್ಡ್ ಬೀದಿಯ ಮೂಲೆಯಲ್ಲಿ ಮದರ್ ಬೆತೆಲ್ ಚರ್ಚ್. ಗುಲಾಮರಾಗಿ ಹುಟ್ಟಿ, ದುಡಿದು ಹಣ ಕೊಟ್ಟು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡ ರಿಚರ್ಡ್ ಆ್ಯಲನ್, ಹಳೆಯ ಕಮ್ಮಾರಸಾಲೆಯೊಂದನ್ನು ಕುದುರೆಗಳಿಂದ ಎಳೆಸಿ ತಂದು ಈ ನಿವೇಶನದಲ್ಲಿ ನಿಲ್ಲಿಸಿ, 1794ರಲ್ಲಿ ಅದನ್ನೇ ಪ್ರಾರ್ಥನಾ ಮಂದಿರವಾಗಿ ತೆರೆದರು. ಈಗಿರುವುದು ಅದೇ ಜಾಗದಲ್ಲಿ ಎದ್ದ ನಾಲ್ಕನೆಯ ಕಟ್ಟಡ; ನೆಲ ಮಾತ್ರ ಇಂದಿಗೂ ಕಪ್ಪು ಜನರ ಒಡೆತನದಲ್ಲಿಯೇ ಇದೆ.

ಆ್ಯಲನ್ 1801ರಲ್ಲಿ ತಮ್ಮ ಸಭೆಗಾಗಿ ಆರಿಸಿ ಅಚ್ಚು ಹಾಕಿಸಿದ ಭಕ್ತಿಗೀತೆಗಳ ಪುಸ್ತಕದಲ್ಲಿ ಸಾಹಿತ್ಯವಷ್ಟೇ ಇದೆ, ಒಂದು ಸ್ವರವೂ ಇಲ್ಲ. ಇದನ್ನು ಕೊರತೆಯೆಂದು ನಾನು ಎಣಿಸಲಾರೆ. ರಾಗ ಹಾಡುವವರ ಬಾಯಲ್ಲಿತ್ತು. ಒಬ್ಬರು ಸಾಲು ಹೇಳಿಕೊಟ್ಟರೆ ಓದು ಬಾರದವರೂ ಅದನ್ನು ಎತ್ತಿಕೊಳ್ಳಬಹುದಾಗಿತ್ತು.

ಚರ್ಚಿನ ಕಲ್ಲುಗೋಡೆಯ ಪಕ್ಕ ಮಾರ್ಗದರ್ಶಿ ನಮಗೂ ಹಾಗೆಯೇ ಹೇಳಿಕೊಟ್ಟರು. ಮೊದಲ ಸಲ ನಮ್ಮ ಹನ್ನೆರಡು ಜನರ ದನಿ ಹನ್ನೆರಡು ದಿಕ್ಕಿಗೆ ಹೋಯಿತು. ಮೂರನೆಯ ಸಲಕ್ಕೆ ಶ್ರುತಿ ಸೇರಿತು. ಪಕ್ಕದಲ್ಲಿದ್ದ ಹಿರಿಯರು ಕಣ್ಣು ಮುಚ್ಚಿ, ಕೆಳಗಿನ ಸ್ಥಾಯಿಯಲ್ಲಿ ಬೇರೊಂದು ಎಳೆಯನ್ನು ಸೇರಿಸಿದರು. ಆ್ಯಲನ್ ಮತ್ತು ಅವರ ಪತ್ನಿ ಸಾರಾ ಅವರ ಸಮಾಧಿ ಅದೇ ಗೋಡೆಯ ಒಳಗೆ, ಕೆಳಗಿನ ಅಂತಸ್ತಿನಲ್ಲಿದೆ.